ಚೆಂಡು ಮೊಟ್ಟೆಯಾದ ಎಂಟು ದಿನ

ನನಗೊಂದು ಕೆಟ್ಟ ಚಾಳಿಯಿದೆ. ಹೋಟೆಲು, ಆಸ್ಪತ್ರೆ, ನೆಂಟರ ಮನೆ, ಎಲ್ಲಿಗೇ ಹೋಗಲಿ, ಅಲ್ಲಿನ ಟಿವಿಯಲ್ಲಿ ಚಿತ್ರ ಅಡ್ಡಡ್ಡಕ್ಕೆ ಹಿಗ್ಗಿಕೊಂಡಿದ್ದರೆ ಕೂತ ಜಾಗದಲ್ಲಿ ಕೂರಲು ಆಗುವುದಿಲ್ಲ. ಕಳೆದ ವಾರ ಸೋಲೂರಿನಲ್ಲಿ ಮಾಗಡಿ ಬಸ್ಸಿಗೆ ಕಾಯುತ್ತ ಒಂದು ಹೋಟೆಲಿಗೆ ಹೊಕ್ಕೆ. ಗೋಡೆಯ ಮೇಲೆ ಮಂಚದಗಲದ ಟಿವಿ. ಅದರಲ್ಲಿ ಯಾವುದೋ ಹಳೆಯ ಸಿನಿಮಾ. ನಾಯಕಿಯ ಮುಖ ಮೊರದಷ್ಟು ಅಗಲವಾಗಿತ್ತು. ನಾಯಕ ಹತ್ತಿ ಬಂದ ಕುದುರೆ ಎಮ್ಮೆಯಾಗಿತ್ತು. ಸುತ್ತ ಕೂತವರು ಇಡ್ಲಿ ತಿನ್ನುತ್ತ ಅದನ್ನೇ ನೋಡುತ್ತಿದ್ದರು, ಒಬ್ಬರಿಗೂ ಏನೂ ಅನ್ನಿಸಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಗಲ್ಲಾದ ಮುಂದೆ ಹೋಗಿ ನಿಂತು, "ಸ್ವಾಮಿ, ಒಸಿ ಆ ರಿಮೋಟ್ ಕೊಡಿ, ಚಿತ್ರ ಸರಿ ಮಾಡಿಕೊಡ್ತೀನಿ" ಎಂದೆ.

"ಸರಿಯಾಗೇ ಐತಲ್ಲಮ್ಮ."

"ಆ ಹೆಣ್ಣುಮಗಳ ಮುಖ ನೋಡಿ. ಮನುಷ್ಯರ ಮುಖ ಹಂಗಿರ್ತದಾ?"

ಯಜಮಾನರು ತಲೆಯೆತ್ತಿ ಒಂದು ಗಳಿಗೆ ನೋಡಿದರು. "ಚೆನ್ನಾಗಿ ಉಂಡು ತಿಂದು ಬೆಳೆದೋಳು, ಬುಡಿ" ಎಂದರು.

ಹೋಟೆಲಿಗೆ ಹೋಟೆಲೇ ನಕ್ಕಿತು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಬಸ್ಸು ಮಾಗಡಿ ಮುಟ್ಟುವವರೆಗೂ ಒಳಗೊಳಗೇ ಬೈಯುತ್ತಿದ್ದೆ. ಇಷ್ಟು ಸಣ್ಣದಕ್ಕೆ ಇಷ್ಟು ಸಿಟ್ಟೇ ಎಂದು ನೀವು ಕೇಳಬಹುದು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಊರಿಗೇ ಗೊತ್ತು. ಆದರೆ ಈ ಒಂದು ಕೋಪಕ್ಕೆ ಕಾರಣವಿದೆ. ಅದನ್ನು ಹೇಳಿಬಿಡುತ್ತೇನೆ, ಆಮೇಲೆ ಬೇಕಾದರೆ ನೀವೂ ನಗಿ.

ನಮ್ಮದು ಚನ್ನಪಟ್ಟಣ. ಅಪ್ಪ ಮರದ ಆಟಿಕೆ ಕಡೆಯುವವನು. ಬೊಂಬೆಯಲ್ಲ, ಬುಗುರಿಯಲ್ಲ, ಚೆಂಡು. ಮಲಗಿದ ಕೂಸಿನ ಕಣ್ಣಿಗೆ ಕಾಣಲಿ ಎಂದು ತೊಟ್ಟಿಲಿನ ಮೇಲೆ ಕಟ್ಟುತ್ತಾರಲ್ಲ, ಕೆಂಪು, ಹಳದಿ, ಹಸಿರು ಅರಗಿನ ಬಣ್ಣದವು, ಅವು. ನಮ್ಮ ಬೀದಿಯಲ್ಲಿ ಅವನಿಗೆ ಚೆಂಡಿನ ಪುಟ್ಟಸ್ವಾಮಿ ಎಂದೇ ಹೆಸರು. ಲೇತಿಗೆ ಕೊಟ್ಟ ಯಾವ ಮರವಾದರೂ ಸುತ್ತಳತೆಯಲ್ಲಿ ತಾನಾಗಿಯೇ ಗುಂಡಗಾಗುತ್ತದೆ, ಅದೇನು ದೊಡ್ಡ ವಿದ್ಯೆಯಲ್ಲ. ಎರಡು ತುದಿಯನ್ನೂ ಬಾಗಿಸಿ ತಂದು, ಉದ್ದವೂ ಅಗಲವೂ ಒಂದೇ ಆಗುವ ಹಾಗೆ ಮಾಡುವುದು ಮಾತ್ರ ಉಳಿ ಹಿಡಿದ ಕೈಯ ಕೆಲಸ. ಕೈ ಕೂದಲಷ್ಟು ಹೆಚ್ಚುಕಮ್ಮಿಯಾದರೂ ಚೆಂಡು ಹೋಗಿ ಮೊಟ್ಟೆಯಾಗುತ್ತದೆ. ಅಪ್ಪ ಕಣ್ಣಳತೆಯಲ್ಲೇ ಕಡೆದು, ಆಮೇಲೆ ಕೈವಾರ ಹಿಡಿದು ನೋಡುತ್ತಿದ್ದ. ಕೈವಾರವೆಂದರೆ ಬಾಗಿದ ಎರಡು ಕಾಲಿನ ಕಬ್ಬಿಣದ ಅಳತೆ ಸಾಮಾನು. ಅದರ ಕಾಲುಗಳ ನಡುವೆ ಚೆಂಡನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ತೂರಿಸಿದರೆ ಎಲ್ಲಾದರೂ ಓರೆಯಿದ್ದರೆ ಗೊತ್ತಾಗಿಬಿಡುತ್ತದೆ.

ಲೇತು ಇದ್ದದ್ದು ಪಡಸಾಲೆಯಲ್ಲೇ. ಅದರ ಸದ್ದಿನಲ್ಲೇ ನಾನೂ ಅಕ್ಕನೂ ಮಲಗಿದ್ದು, ಓದಿದ್ದು, ಜಗಳವಾಡಿದ್ದು. ಸದ್ದು ನಿಂತರೆ ನಮಗೆ ಎಚ್ಚರವಾಗುತ್ತಿತ್ತು. ನನ್ನ ಜಡೆಯಲ್ಲಿ ಮರದ ಸುರುಳಿ ಕಾಣದ ದಿನ ಶಾಲೆಯಲ್ಲಿ ಮೇಷ್ಟ್ರು, "ಯಾಕೆ ಮಂಜುಳಾ, ನಿಮ್ಮಪ್ಪನಿಗೆ ಹುಷಾರಿಲ್ವಾ?" ಎಂದು ಕೇಳುತ್ತಿದ್ದರು. ಸ್ನಾನದ ನೀರು ಕಾಯುತ್ತಿದ್ದುದು ಚೆಂಡು ಕಡೆದುಳಿದ ಹಾಲೆ ಮರದ ಹೊಟ್ಟಿನಲ್ಲಿ. ತಿರುಗುವ ಚೆಂಡಿಗೆ ಅರಗಿನ ಕಡ್ಡಿ ಒತ್ತಿದಾಗ ಏಳುವ ವಾಸನೆ ಸಾರಿನಲ್ಲಿ, ಹೊದಿಕೆಯಲ್ಲಿ, ಪುಸ್ತಕದಲ್ಲಿ ಎಲ್ಲ ಕಡೆ ಇರುತ್ತಿತ್ತು. ಇನ್ನು ಅಪ್ಪನ ಗುಂಡಿನ ಹುಚ್ಚು ಕೇಳಬೇಡಿ. ತಟ್ಟೆಗೆ ಮುದ್ದೆ ಬಿದ್ದ ತಕ್ಷಣ ತಟ್ಟೆಯನ್ನೇ ಒಂದು ಸುತ್ತು ತಿರುಗಿಸಿ, "ಎಡಗಡೆ ಒಸಿ ಉಬ್ಬೈತೆ" ಎನ್ನುತ್ತಿದ್ದ. ಅವ್ವ ಕೋಲು ಕೈಯಲ್ಲೇ ಹಿಡಿದುಕೊಂಡು, "ಮುದ್ದೆ ನುಂಗೋಕೆ, ಉರುಳ್ಸೋಕಲ್ಲ" ಎನ್ನುತ್ತಿದ್ದಳು. ಅಕ್ಕನ ಹಣೆಯ ಕುಂಕುಮ ಓರೆಯಾಗಿದ್ದರೆ ತನ್ನ ಹೆಬ್ಬೆರಳಿನಿಂದ ತಾನೇ ತಿದ್ದುತ್ತಿದ್ದ.

ಈ ಹುಚ್ಚು ನನಗೂ ಅಂಟಿತು, ಅನ್ನವನ್ನೂ ಹಾಕಿತು. ಬಿಡದಿಯಲ್ಲಿ ಹೊಲಗಳೆಲ್ಲ ಕಾರ್ಖಾನೆಗಳಾಗುತ್ತಿದ್ದ ಕಾಲ. ಒಂದರಲ್ಲಿ ನನಗೆ ಕೆಲಸ ಸಿಕ್ಕಿತು. ಕಾರಿಗೆ ಹಾಕುವ ಉಕ್ಕಿನ ಬಳೆಗಳು ಸಾಲಾಗಿ ಬರುತ್ತವೆ, ಅವನ್ನು ಅಳೆದು ಪಾಸು ಇಲ್ಲವೇ ಫೇಲು ಎನ್ನಬೇಕು. ಕೂದಲನ್ನು ಹತ್ತು ಸೀಳು ಮಾಡಿದರೆ ಒಂದು ಸೀಳಿನಷ್ಟು ತಪ್ಪಿದ್ದರೂ ನಾನು ಪಕ್ಕಕ್ಕೆ ಎಸೆಯುತ್ತಿದ್ದೆ. ಮೇಸ್ತ್ರಿಗಳು ಬಂದು, "ಇದೊಂದು ಬುಟ್ಬುಡಮ್ಮ, ಯಾರಿಗೆ ಗೊತ್ತಾಯ್ತದೆ" ಎಂದು ಗೋಗರೆದರೂ ಬಿಡುತ್ತಿರಲಿಲ್ಲ. ಫ್ಯಾಕ್ಟರಿ ಬಸ್ಸು ಕೆಂಗಲ್ ದಾಟುವಷ್ಟರಲ್ಲಿ ನನ್ನ ಬೆನ್ನ ಹಿಂದೆ 'ರಿಜೆಕ್ಟ್ ಮಂಜುಳ' ಎಂಬ ಪಿಸುಮಾತು ಶುರುವಾಗುತ್ತಿತ್ತು. ನನಗೆ ಅದರಲ್ಲಿ ಜಂಬವೇ ಇತ್ತು, ಸುಳ್ಳೇಕೆ ಹೇಳಲಿ.

ನಾನು ಕೆಲಸಕ್ಕೆ ಸೇರಿ ಕೆಲವು ವರ್ಷವಾಗುವ ಹೊತ್ತಿಗೆ ನಮ್ಮ ಮನೆಗೆ ಅಗಲದ, ತೆಳ್ಳನೆಯ ಟಿವಿ ಬಂತು. ಬೀದಿಗೇ ಮೊದಲನೆಯದು. ಜೊತೆಗೆ ತಾರಸಿಯ ಮೇಲೊಂದು ತಟ್ಟೆ, ಟಿವಿಯ ಕೆಳಗೊಂದು ಕಪ್ಪು ಸೆಟ್‌ಟಾಪ್ ಪೆಟ್ಟಿಗೆ. ಕೂರಿಸಲು ಬಂದಾತ ರಿಮೋಟಿನಲ್ಲಿ ಏನೇನೋ ಒತ್ತಿ, "ಫುಲ್ ಸ್ಕ್ರೀನ್ ಮಾಡಿಕೊಟ್ಟಿದ್ದೀನಿ ಮೇಡಂ" ಎಂದು ಉಪಕಾರ ಮಾಡಿದವನ ಹಾಗೆ ಹೇಳಿ ಹೋದ. ಚೌಕದ ಚಿತ್ರವನ್ನು ಎರಡು ಕಡೆಗೂ ಎಳೆದು ಅಗಲದ ಗಾಜಿಗೆ ಬಿಗಿದುಹೋಗಿದ್ದ, ಅಷ್ಟೇ. ಮೂರು ವಾರ ಮನೆಮಂದಿಯೆಲ್ಲ ಅದನ್ನೇ ನೋಡಿದೆವು. ಕೂದಲು ಸೀಳುವ ಈ ಮಂಜುಳಾದೇವಿಗೂ ಏನೂ ಕಾಣಲಿಲ್ಲ. ಕಣ್ಣು ಬಲು ಬೇಗ ಒಗ್ಗಿಕೊಳ್ಳುವ ಪ್ರಾಣಿ.

ಅದೇ ಸಮಯದಲ್ಲಿ ಒಂದು ಚಾನಲ್ಲಿನವರು ಬಂದು ಅಪ್ಪನ ಕೆಲಸವನ್ನು ಚಿತ್ರ ಮಾಡಿಕೊಂಡು ಹೋದರು. ಶನಿವಾರ ಸಂಜೆ ಪ್ರಸಾರ. ಅಕ್ಕ, ಭಾವ ಉಯ್ಯಂಬಳ್ಳಿಯಿಂದ ಅದಕ್ಕೆಂದೇ ಬಂದರು. ಬೀದಿಯವರೆಲ್ಲ ನಮ್ಮ ಪಡಸಾಲೆಯಲ್ಲಿ. ಪರದೆಯ ಮೇಲೆ ಅಪ್ಪನ ಮುಖ ಬಂದಾಗ ಅವ್ವ, "ಒಸಿ ಮೈ ತುಂಬ್ಕೊಂಡಂಗೆ ಕಾಣ್ತಾರೆ" ಎಂದು ಸಂತೋಷಪಟ್ಟಳು. ಆಮೇಲೆ ಕ್ಯಾಮೆರಾ ಹತ್ತಿರ ಹೋಯಿತು. ಚಿತ್ರ ತೆಗೆದ ದಿನ ಕಡೆದ ಹನ್ನೆರಡು ಚೆಂಡುಗಳು ಸಾಲಾಗಿ ಕೂತಿದ್ದವು. ಹನ್ನೆರಡೂ ಮೊಟ್ಟೆ.

ಅಪ್ಪ ಕೂತಲ್ಲಿಂದ ಮುಂದಕ್ಕೆ ಬಾಗಿದ. ಭಾವ ತಡೆದುಕೊಳ್ಳುವವರಲ್ಲ. "ಏನ್ ಮಾವ, ಕೋಳಿ ಇಕ್ಕಿದ್ದಾ?" ಎಂದರು. ಎಲ್ಲರೂ ನಕ್ಕರು. ಅಪ್ಪನೂ ನಕ್ಕ.

ಮರುದಿನ ಬೆಳಿಗ್ಗೆ ಲೇತು ಶುರುವಾಗಲಿಲ್ಲ. ನೋಡಿದರೆ ಬೆಲ್ಟು ಕಳಚಿ ಮೊಳೆಗೆ ನೇತುಹಾಕಿದ್ದ. ಉಳಿಗಳ ಪೆಟ್ಟಿಗೆಗೆ ಬೀಗ. ಅವ್ವ ಹಿತ್ತಿಲಿಗೆ ಕರೆದು ಮೆಲ್ಲಗೆ ಹೇಳಿದಳು: "ನಾಕು ತಿಂಗಳಿಂದ ಬಲಗೈ ಹೆಬ್ಬೆಟ್ಟು ನಡುಗ್ತದೆ ಕಣೇ. ಯಾರಿಗೂ ಹೇಳ್ಬ್ಯಾಡ ಅಂದವ್ರೆ. ರಾತ್ರಿಯಿಂದ, ಕೈ ಹೋಯ್ತು, ಊರೆಲ್ಲ ನೋಡ್ಬುಡ್ತು ಅಂತ ಅದನ್ನೇ ಅಂತಾವ್ರೆ."

ನನಗೆ ಅಳುವಿಗಿಂತ ಮೊದಲು ಬರುವುದು ಸಿಟ್ಟು. ಒಳಗೆ ಬಂದು ಟಿವಿ ಹಾಕಿದೆ, ಬಂದವರ ಮುಖವೆಲ್ಲ ಅಗಲ. ಆಗ ಹೊಳೆಯಿತು: ರಾತ್ರಿ ಚೆಂಡಿನ ಜೊತೆ ಲೇತಿನ ಚಕ್ರವೂ ಮೊಟ್ಟೆಯಾಗಿತ್ತಲ್ಲ! ಮೊಟ್ಟೆಯಂಥ ಚಕ್ರ ತಿರುಗುವುದುಂಟೇ? "ಅಪ್ಪ, ನಿನ್ನ ಚೆಂಡಲ್ಲ, ಈ ಪೆಟ್ಟಿಗೆ ಓರೆ" ಎಂದೆ.

"ನನ್ನ ಸಮಾಧಾನಕ್ಕೆ ಏನೇನೋ ಹೇಳ್ಬ್ಯಾಡ ಮಗಾ" ಎಂದ ಅಪ್ಪ.

ಜಗುಲಿಯಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಭಾವ ಅಲ್ಲಿಂದಲೇ, "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದರು. ಅಪ್ಪನ ಕಿವಿಗೆ ಬೀಳುವ ಹಾಗೆ. ಅವತ್ತು ನಾನು ಭಾವನಿಗೆ ಅಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅಕ್ಕ ಆರು ತಿಂಗಳು ನನ್ನ ಜೊತೆ ಮಾತು ಬಿಟ್ಟಳು ಎಂದರೆ ಸಾಕು.

ಮುಂದಿನ ಭಾನುವಾರ ಹನ್ನೊಂದಕ್ಕೆ ಅದೇ ಕಾರ್ಯಕ್ರಮದ ಮರುಪ್ರಸಾರವಿತ್ತು. ಅಷ್ಟರೊಳಗೆ ಚಿತ್ರವನ್ನು ಸರಿಮಾಡಿ ಅಪ್ಪನ ಮುಂದೆ ಇಡುತ್ತೇನೆಂದು ಹಟ ಹಿಡಿದೆ. ಪುಣ್ಯಕ್ಕೆ ಆ ವಾರ ನನಗೆ ಮಧ್ಯಾಹ್ನದ ಪಾಳಿ.

ಸೋಮವಾರ ಪೆಟ್ಟಿಗೆಯವರ ದೂರಿನ ನಂಬರಿಗೆ ಫೋನು ಮಾಡಿದೆ. ಅರ್ಧ ಗಂಟೆ ವೀಣೆ ಬಾರಿಸಿದ ಮೇಲೆ ಒಬ್ಬಳು ಬಂದು, "ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ, ಚಿತ್ರ ಬರುತ್ತಿದೆಯೇ ಮೇಡಂ?" ಎಂದಳು. ಬರುತ್ತಿದೆ, ಅಗಲವಾಗಿ ಬರುತ್ತಿದೆ ಎಂದೆ. "ಚಿತ್ರ ಬರುತ್ತಿದ್ದರೆ ತೊಂದರೆ ಇಲ್ಲ ಮೇಡಂ" ಎಂದಳು. ಇನ್ನೂ ಸ್ವಲ್ಪ ಜಗ್ಗಿದ್ದಕ್ಕೆ, ಪೆಟ್ಟಿಗೆಯನ್ನು ಆರಿಸಿ ಹತ್ತು ನಿಮಿಷ ಬಿಟ್ಟು ಹಾಕಿ ಎಂದಳು. ಹಾಗೇ ಮಾಡಿದೆ. ಹತ್ತು ನಿಮಿಷದ ವಿಶ್ರಾಂತಿಯಿಂದ ಎಲ್ಲರ ಮುಖ ಇನ್ನೂ ಹಿಗ್ಗಿದಂತೆ ಕಂಡಿತು.

ಮಂಗಳವಾರ ಕೂರಿಸಿದಾತನನ್ನೇ ಕರೆಸಿದೆ. ಅವನು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದ. "ಎಲ್ಲರೂ ಫುಲ್ ಬೇಕು ಅಂತಾರೆ, ನೀವೊಬ್ರೇ ಕಮ್ಮಿ ಬೇಕು ಅಂತಿರೋದು. ಇದು ಟಿವಿ ಕಂಪನಿಯವರದು ಮೇಡಂ, ನಮ್ದಲ್ಲ" ಎಂದ. ಟಿವಿಯ ಅಂಗಡಿಗೆ ಹೋದರೆ ಅವರು, ಇದು ಪೆಟ್ಟಿಗೆಯವರದು ಎಂದರು. ಸಿಟ್ಟು ನೆತ್ತಿಗೇರಿ ಅಂಗಡಿಯ ಗಾಜಿನ ಮೇಜಿಗೆ ಗುದ್ದಿದೆ. ಗಾಜಿಗೆ ಏನೂ ಆಗಲಿಲ್ಲ, ನನ್ನ ಬಳೆ ಎರಡು ಹೋದವು.

ಬುಧವಾರ ಎರಡು ರಿಮೋಟನ್ನೂ ಹಿಡಿದು ನಾನೇ ಕೂತೆ. ಆಗ ಗೊತ್ತಾಯಿತು, ಕಳ್ಳರು ಇಬ್ಬರು. ಪೆಟ್ಟಿಗೆಯೂ ಚಿತ್ರವನ್ನು ಎಳೆಯುತ್ತದೆ, ಟಿವಿಯೂ ಎಳೆಯುತ್ತದೆ. ಒಂದನ್ನು ಸರಿ ಮಾಡಿದರೆ ಇನ್ನೊಂದು ಅದರ ಕೆಲಸವನ್ನೂ ತಾನೇ ಮಾಡಿ ಮುಗಿಸುತ್ತದೆ. ಪೆಟ್ಟಿಗೆಯ ಒಳಗೆ ರೆಸಲ್ಯೂಶನ್ ಎಂಬ ಜಾಗದಲ್ಲಿ ಸಂಖ್ಯೆಗಳಿದ್ದವು: ಐನೂರ ಎಪ್ಪತ್ತಾರು, ಏಳುನೂರ ಇಪ್ಪತ್ತು, ಸಾವಿರದ ಎಂಬತ್ತು. ದೊಡ್ಡದಿದ್ದಷ್ಟೂ ಒಳ್ಳೆಯದು ಎನ್ನುವ ಕಾಲ ಅದು. ಹೊಲಕ್ಕಿಂತ ಕಾರ್ಖಾನೆ ದೊಡ್ಡದು, ರಸ್ತೆ ನಾಲ್ಕು ಪಟ್ಟು ಅಗಲ. ನಾನೂ ದೊಡ್ಡದನ್ನೇ ಒತ್ತಿದೆ. ಟಿವಿ ಒಂದು ಸಾಲು ಇಂಗ್ಲಿಷಿನಲ್ಲಿ ತನಗಿದು ಆಗದೆಂದು ಹೇಳಿ, ಕಪ್ಪಗೆ ಸತ್ತುಹೋಯಿತು. ಸಂಖ್ಯೆ ಬದಲಿಸೋಣವೆಂದರೆ ಸಂಖ್ಯೆಯೇ ಕಾಣುವುದಿಲ್ಲ. ಕಾಣಬೇಕಾದರೆ ಸಂಖ್ಯೆ ಬದಲಿಸಬೇಕು. ಇಂಥದ್ದನ್ನು ಮಾಡಿಟ್ಟ ಮಹಾನುಭಾವ ಯಾವ ದೇಶದವನೋ, ಅವನ ವಂಶಕ್ಕೆಲ್ಲ ಅವತ್ತು ನನ್ನಿಂದ ಮಂತ್ರಾಕ್ಷತೆ ಸಿಕ್ಕಿತು.

ದಾರಿ ತೋರಿಸಿದ್ದು ಎದುರುಮನೆಯ ಫಾತಿಮಕ್ಕ. ಅವರ ಯಜಮಾನರೂ ಆಟಿಕೆ ಕಡೆಯುವವರೇ. ನನ್ನ ಬೈಗುಳ ಕೇಳಿ ಬಂದವರು, "ನಮ್ದು ಹಳೇ ಟಿವಿ, ಬೆನ್ನು ಉಬ್ಬಿರೋದು, ಅದಕ್ಕೆ ಯಾವ್ದು ಕೊಟ್ರೂ ನುಂಗ್ತದೆ. ಪೆಟ್ಟಿಗೆ ಅಲ್ಲಿಗೆ ತಕೊಂಡ್ ಬಾ ಬೇಟಿ" ಎಂದರು. ಗುರುವಾರ ಬೆಳಿಗ್ಗೆ ಪೆಟ್ಟಿಗೆಯನ್ನು ಕೂಸಿನ ಹಾಗೆ ಎತ್ತಿಕೊಂಡು ಬೀದಿ ದಾಟಿದೆ. ಕೆಂಪು, ಬಿಳಿ, ಹಳದಿ ವೈರು ಸಿಕ್ಕಿಸಿದ ತಕ್ಷಣ ಸಂಖ್ಯೆಗಳು ಕಂಡವು. ಎಲ್ಲಕ್ಕಿಂತ ಚಿಕ್ಕದನ್ನು ಒತ್ತಿದೆ. ಮನೆಗೆ ತಂದು ಜೋಡಿಸಿ, ಟಿವಿಯ ರಿಮೋಟಿನಲ್ಲಿ ಚೌಕ ಎಂದು ಹೇಳಿದೆ. ಚಿತ್ರ ಕುಗ್ಗಿ ನಡುವೆ ನಿಂತಿತು, ಎರಡು ಪಕ್ಕಕ್ಕೂ ಕಪ್ಪು ಪಟ್ಟಿ.

"ಅಷ್ಟು ಅಗಲದ್ದು ತಂದು ಎರಡು ಕಡೆ ಮಸಿ ಬಳ್ಕೊಂಡಂಗಾಯ್ತಲ್ಲೇ" ಎಂದಳು ಅವ್ವ.

ಸರಿಯಾಯಿತು ಎಂದು ನನ್ನ ಕಣ್ಣು ಹೇಳಿತು. ಆದರೆ ಮೂರು ವಾರ ಮೋಸಹೋದ ಕಣ್ಣು ಅದು. ಮರುದಿನ ಬೆಳಿಗ್ಗೆ ಭವಿಷ್ಯ ಹೇಳುವ ಕಾರ್ಯಕ್ರಮಕ್ಕೆ ಕಾದು ಕೂತೆ. ಅದರಲ್ಲಿ ಜೋಯಿಸರ ಹಿಂದೆ ದೊಡ್ಡ ರಾಶಿಚಕ್ರವೊಂದು ಅಲುಗಾಡದೆ ನಿಂತಿರುತ್ತದೆ. ಶಾಲೆಯ ಸ್ಕೇಲು ತೆಗೆದುಕೊಂಡು ಗಾಜಿಗೆ ಹಿಡಿದೆ. ಹಿಂದಿನಿಂದ ಅಪ್ಪನ ದನಿ ಬಂತು: "ಗುಂಡನ್ನ ಸ್ಕೇಲಲ್ಲಿ ಅಳೀತಾರಾ? ಅದನ್ನೇ ಏನ್ ಕಲಿಸವ್ರೆ ನಿಮ್ಮ ಫ್ಯಾಕ್ಟ್ರೀಲಿ?"

ಐದು ದಿನದ ಮೇಲೆ ಅಪ್ಪ ಉಳಿಗಳ ಪೆಟ್ಟಿಗೆಯ ಬೀಗ ತೆಗೆದ. ದೊಡ್ಡ ಕೈವಾರ ತಂದು, ಒಂದು ಕಾಲನ್ನು ಮೇಷಕ್ಕೂ ಇನ್ನೊಂದನ್ನು ತುಲಾಕ್ಕೂ ಇಟ್ಟ. ಆ ಅಳತೆಯನ್ನು ಹಾಗೇ ತಿರುಗಿಸಿ ಕರ್ಕದಿಂದ ಮಕರಕ್ಕೆ ಹಿಡಿದ. ಒಂದು ಎಳೆ ಕಮ್ಮಿ ಎಂದ. ಟಿವಿಯ ಒಳಗೆಲ್ಲೋ ಅಂಚು ಕತ್ತರಿಸುವ ಇನ್ನೊಂದು ಗುಂಡಿಯಿತ್ತು, ಅದನ್ನೂ ಆರಿಸಿದೆ. ಮತ್ತೆ ಹಿಡಿದ. ಜೋಯಿಸರು ಧನು ರಾಶಿಯವರಿಗೆ ಕುಟುಂಬದಲ್ಲಿ ನೆಮ್ಮದಿ ಎನ್ನುತ್ತಿದ್ದರು. "ಹ್ಞೂಂ, ಈಗ ಕೂತ್ಕೊಂತು" ಎಂದ ಅಪ್ಪ. ಕೈವಾರದ ತುದಿ ಗಾಜಿನ ಮೇಲೆ ಟಕಟಕ ಎನ್ನುತ್ತಿದ್ದುದು ನನಗೂ ಕೇಳಿಸಿತು, ಅವನಿಗೂ ಕೇಳಿಸಿತು.

ಭಾನುವಾರ ಬೀದಿಯವರನ್ನು ಕರೆಯಲಿಲ್ಲ. ನಾವು ಮೂವರೇ. ಪರದೆಯ ಮೇಲೆ ಅಪ್ಪ ಬಂದ. ಕೆನ್ನೆ ಒಳಕ್ಕೆ ಹೋಗಿತ್ತು, ಕುತ್ತಿಗೆ ಸಣ್ಣಗಾಗಿತ್ತು. "ಇಷ್ಟು ಸೊರಗೋಗಿದ್ದೀರಾ?" ಎಂದು ಅವ್ವ ಪಕ್ಕದಲ್ಲೇ ಕೂತಿದ್ದ ಗಂಡನನ್ನು ತಿರುಗಿ ನೋಡಿದಳು, ಅದುವರೆಗೆ ನೋಡೇ ಇಲ್ಲವೆಂಬಂತೆ. ಚಕ್ರ ಬಂತು, ಗುಂಡಗೆ. ಚೆಂಡುಗಳು ಬಂದವು. ಹನ್ನೆರಡೂ ಗುಂಡಗೆ.

"ನೋಡಪ್ಪ" ಎಂದು ಕೂಗಿಯೇಬಿಟ್ಟೆ. ಭಾವನಿಗೆ ಈಗಲೇ ಫೋನು ಮಾಡಿ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ.

ಅಪ್ಪ ಎದ್ದೇಳಲಿಲ್ಲ. "ಮೊನ್ನೆ ಮೊಟ್ಟೆ ಅಂದಿದ್ದೂ ಇದೇ ಟಿವಿ. ಇವತ್ತು ಗುಂಡು ಅಂತಿರೋದೂ ಇದೇ ಟಿವಿ. ಒಂದು ಬಾಯಲ್ಲಿ ಎರಡು ಮಾತು ಆಡೋದರ ಸಾಕ್ಷೀನ ಹೆಂಗವ್ವ ನಂಬೋದು?" ಎಂದ.

ನನ್ನ ಕಣ್ಣು ಲೇತಿನ ಕಡೆ ಹೋಯಿತು. ಚಿತ್ರ ತೆಗೆಯುವ ಗಡಿಬಿಡಿಯಲ್ಲಿ ಅಳತೆಯಾಗದ ಆ ಹನ್ನೆರಡು ಚೆಂಡುಗಳು ಅಂಗಡಿಗೆ ಹೋಗಿರಲಿಲ್ಲ. ಲೇತಿನ ಪಕ್ಕದ ಗೋಣಿಚೀಲದಲ್ಲಿ, ನಾವು ಕೂತಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಆ ಎಂಟು ದಿನವೂ ಬಿದ್ದಿದ್ದವು. ಚೀಲಕ್ಕೆ ಕೈಹಾಕಿ ಕೈವಾರ ಹಿಡಿದಿದ್ದರೆ ಎರಡು ನಿಮಿಷದ ಕೆಲಸ. ಊರಿಗೆಲ್ಲ ಗುಂಡು ಕಡೆದುಕೊಡುವ ಅಪ್ಪ, ಅಳೆಯುವುದನ್ನೇ ಕಸುಬು ಮಾಡಿಕೊಂಡ ನಾನು, ಇಬ್ಬರೂ ಸೇರಿ ಟಿವಿಯ ರಾಶಿಚಕ್ರ ಅಳೆದಿದ್ದೆವು. ಅವನಿಗೂ ಹೆದರಿಕೆ, ನನಗೂ ಹೆದರಿಕೆ. ಅತ್ತೆ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಂಡಂತೆ ನಾನು ಎಂಟು ದಿನ ಆ ಪೆಟ್ಟಿಗೆಯನ್ನು ಬೈದಿದ್ದೆ.

"ಆ ಚೀಲ ತಕೊಂಡ್ ಬಾ" ಎಂದ ಅಪ್ಪ. ತಂದೆ. ಚಿಕ್ಕ ಕೈವಾರವನ್ನು ನನ್ನ ಕೈಗೆ ಕೊಟ್ಟು, "ನೀನೇ ನೋಡು" ಎಂದು ಗೋಡೆಯ ಕಡೆ ಮುಖ ತಿರುಗಿಸಿ ಕೂತ.

ಒಂದೊಂದನ್ನೇ ಉದ್ದಕ್ಕೆ ಹಿಡಿದೆ, ಅಡ್ಡಕ್ಕೆ ಹಿಡಿದೆ. ಸರಿಯಿದ್ದವು. ಅಪ್ಪನ ಕೈ ಎಂದರೆ ಕೈ ಎಂದುಕೊಂಡೆ. ಒಂಬತ್ತನೆಯದು ಹಳದಿ. ಅಡ್ಡಕ್ಕೆ ಸಲೀಸಾಗಿ ಹೋಯಿತು, ಉದ್ದಕ್ಕೆ ಕೈವಾರದ ಕಾಲು ಟಕ್ಕೆಂದು ತಡೆಯಿತು. ಇನ್ನೊಮ್ಮೆ ಹಿಡಿದೆ. ತಡೆಯಿತು. ಅದನ್ನು ಸರಿಯಿದ್ದ ಎಂಟರ ಪಕ್ಕದಲ್ಲೇ ಇಟ್ಟು ಮುಂದಿನದಕ್ಕೆ ಹೋದೆ. ಉಳಿದ ಮೂರೂ ಚೆನ್ನಾಗಿದ್ದವು.

"ಹನ್ನೆರಡೂ ಸರಿ ಅವೆ ಕಣಪ್ಪ" ಎಂದೆ. ಅಷ್ಟು ವರ್ಷದ ಕೆಲಸದಲ್ಲಿ ಓರೆಯಾದ ಒಂದನ್ನು ನಾನು ಪಾಸು ಮಾಡಿದ್ದು ಅದೇ ಮೊದಲು.

ಅಪ್ಪ ಗೋಡೆಯನ್ನೇ ನೋಡುತ್ತ ಕೇಳಿದ: "ಒಂಬತ್ತನೇದಕ್ಕೆ ಯಾಕೆ ಇನ್ನೊಂದು ಸಲ ಹಿಡಿದೆ?"

ಅವನು ತಿರುಗಿ, ಹಳದಿ ಚೆಂಡನ್ನು ಸಾಲಿನಿಂದ ಎತ್ತಿ, ಹೆಬ್ಬೆರಳಿನಿಂದ ಒಮ್ಮೆ ಸವರಿ ಪಕ್ಕಕ್ಕಿಟ್ಟ. ಅವನಿಗೆ ನನ್ನ ಮೇಲೆ ಅಷ್ಟು ಕೋಪ ಬಂದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಹನ್ನೊಂದು ಸರಿ ಅವೆ, ಒಂದು ಓರೆ ಅಂದಿದ್ರೆ ಸಾಕಾಗಿತ್ತು ಕಣವ್ವ, ನಂಬ್ತಿದ್ದೆ" ಎಂದ. "ಹನ್ನೆರಡೂ ಅಂದ್ಯಲ್ಲ, ಈಗ ಹನ್ನೆರಡನ್ನೂ ನಾನೇ ಅಳೀಬೇಕು." ನನ್ನ ಕೈಯಿಂದ ಕೈವಾರ ಕಿತ್ತುಕೊಂಡು, ಬಾಗಿಲ ಬೆಳಕಿಗೆ ಹೋಗಿ ಕೂತ.